ಮರಳಿನಡಿಯ ಮೀನನ್ನು ಶಾರ್ಕ್ ಪತ್ತೆ ಮಾಡಿದ್ದು ಹೇಗೆ?

ಮಕ್ಕಳೇ, ನೀವೆಲ್ಲ ಕಣ್ಣಾಮುಚ್ಚಾಲೆ ಆಡಿದ್ದೀರಿ. ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಗೆಳೆಯರನ್ನು ಹೇಗೆ ಹುಡುಕುತ್ತೀರಿ? ಹೆಜ್ಜೆ ಸಪ್ಪಳ ಆಲಿಸುತ್ತೀರಿ. ಕಿಸಕ್ಕನೆ ಯಾರಾದರೂ ನಕ್ಕರೆ ಆ ಕಡೆಗೆ ಓಡುತ್ತೀರಿ. ಕೈ ಚಾಚಿ ತಡಕಾಡುತ್ತೀರಿ. ಒಂದು ಇಂದ್ರಿಯ ಕೆಲಸ ಮಾಡದಿದ್ದರೆ ಇನ್ನೊಂದರ ಸಹಾಯ ಪಡೆಯುತ್ತೀರಿ.

ಈಗ ಇನ್ನೂ ಕಷ್ಟದ ಆಟವೊಂದನ್ನು ಊಹಿಸಿಕೊಳ್ಳಿ. ಅಡಗಿದವನು ಕಾಣುವುದಿಲ್ಲ. ಸದ್ದು ಮಾಡುವುದಿಲ್ಲ. ಅಲುಗಾಡುವುದಿಲ್ಲ. ಅವನ ಮೈ ವಾಸನೆಯೂ ಬರುವುದಿಲ್ಲ. ಮುಟ್ಟಲು ಹೋದರೆ ನಡುವೆ ಒಂದು ಗೋಡೆ ಇದೆ. ಅವನನ್ನು ಹಿಡಿಯಲು ಸಾಧ್ಯವೇ?

ನಮಗೆ ಸಾಧ್ಯವಿಲ್ಲ. ಆದರೆ ಶಾರ್ಕ್ ಮೀನಿಗೆ ಸಾಧ್ಯ! ಅದರ ಬಳಿ ನಮ್ಮಲ್ಲಿಲ್ಲದ ಒಂದು ಇಂದ್ರಿಯವಿದೆ. ಅದು ಬೇರೆ ಜೀವಿಗಳ ದೇಹದಿಂದ ಹೊರಡುವ ಅತಿ ಸಣ್ಣ ವಿದ್ಯುತ್ತನ್ನು ಗುರುತಿಸುತ್ತದೆ. ಇದನ್ನು ವಿದ್ಯುತ್ ಸಂವೇದನೆ ಎನ್ನುತ್ತಾರೆ. ಇಂಥ ಇಂದ್ರಿಯ ಇದೆಯೆಂದು ವಿಜ್ಞಾನಿಗಳಿಗೆ ತಿಳಿದದ್ದು ಹೇಗೆ? ಅದೇ ಒಂದು ಸೊಗಸಾದ ಪತ್ತೇದಾರಿ ಕಥೆ.

ಹಳೆಯ ಒಗಟು

ನಮ್ಮ ಕರಾವಳಿಯ ಮೀನು ಮಾರುಕಟ್ಟೆಗೆ ಹೋದರೆ ಚಿಕ್ಕ ಶಾರ್ಕ್‌ಗಳನ್ನು ನೋಡಬಹುದು. ಅಲ್ಲಿ ಅವುಗಳನ್ನು ತಾಟೆ ಎನ್ನುತ್ತಾರೆ. ಚಪ್ಪಟೆ ಮೈಯ, ಉದ್ದ ಬಾಲದ ತೊರಕೆ ಮೀನುಗಳೂ ಅಲ್ಲಿರುತ್ತವೆ. ಶಾರ್ಕ್ ಮತ್ತು ತೊರಕೆ ಹತ್ತಿರದ ಬಂಧುಗಳು. ಎರಡರ ಅಸ್ಥಿಪಂಜರವೂ ಮೂಳೆಯಿಂದಲ್ಲ, ಮೃದ್ವಸ್ಥಿಯಿಂದ ಆಗಿದೆ. ನಿಮ್ಮ ಕಿವಿಯ ಹಾಲೆಯ ಮೇಲ್ಭಾಗವನ್ನು ಮಡಚಿ ನೋಡಿ. ಬಾಗಿಯೂ ಮುರಿಯದ ಆ ಭಾಗವೇ ಮೃದ್ವಸ್ಥಿ.

ಶಾರ್ಕ್‌ನ ಮೂತಿಯನ್ನು ಹತ್ತಿರದಿಂದ ನೋಡಿದರೆ ಸೂಜಿಯಿಂದ ಚುಚ್ಚಿದಂಥ ನೂರಾರು ಸಣ್ಣ ರಂಧ್ರಗಳು ಕಾಣುತ್ತವೆ. ಮೂತಿಯನ್ನು ಒತ್ತಿದರೆ ರಂಧ್ರಗಳಿಂದ ಲೋಳೆ ಹೊರಬರುತ್ತದೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ ಎಂಬ ವೈದ್ಯರು 1678ರಲ್ಲೇ ಇವುಗಳನ್ನು ವಿವರವಾಗಿ ವರ್ಣಿಸಿದರು. ಪ್ರತಿ ರಂಧ್ರದಿಂದ ಒಂದು ಸಣ್ಣ ನಳಿಕೆ ಒಳಗೆ ಹೋಗುತ್ತದೆ. ಅದರ ಕೊನೆಯಲ್ಲಿ ಪುಟ್ಟ ಬುಡ್ಡಿಯಂಥ ಭಾಗವಿದೆ. ಆದ್ದರಿಂದ ಇವಕ್ಕೆ 'ಲೊರೆಂಜಿನಿಯ ಬುಡ್ಡಿಗಳು' ಎಂಬ ಹೆಸರು ಬಂತು. ಆದರೆ ಇವುಗಳ ಕೆಲಸವೇನು? ಲೊರೆಂಜಿನಿಯವರಿಗೂ ಅದು ತಿಳಿಯಲಿಲ್ಲ. ಈ ಒಗಟು ಬಿಡಿಸಲು ಸುಮಾರು ಮುನ್ನೂರು ವರ್ಷ ಬೇಕಾಯಿತು.

ನಡುವೆ ಕೆಲವು ಸುಳಿವುಗಳು ಸಿಕ್ಕವು. 1917ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಮೀಸೆ ಮೀನಿನ ಕಣ್ಣು ಮುಚ್ಚಿ, ಅದರ ಹತ್ತಿರ ಒಂದು ಗಾಜಿನ ಕಡ್ಡಿಯನ್ನು ತಂದರು. ಕಡ್ಡಿ ಮೈಗೆ ತಾಗುವವರೆಗೂ ಮೀನು ಸುಮ್ಮನಿತ್ತು. ನಂತರ ಲೋಹದ ಕಡ್ಡಿಯನ್ನು ತಂದರು. ಕಡ್ಡಿ ಇನ್ನೂ ಕೆಲವು ಸೆಂಟಿಮೀಟರ್ ದೂರದಲ್ಲಿರುವಾಗಲೇ ಮೀನಿಗೆ ಗೊತ್ತಾಯಿತು! 1935ರಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ವೆನ್ ಡೈಕ್‌ಗ್ರಾಫ್ ಎಂಬ ವಿಜ್ಞಾನಿ ಇದೇ ರೀತಿಯ ಸಂಗತಿಯನ್ನು ಕಂಡರು. ತುಕ್ಕು ಹಿಡಿದ ಉಕ್ಕಿನ ತಂತಿಯನ್ನು ಹತ್ತಿರ ತಂದರೆ ಶಾರ್ಕ್ ಬೆಚ್ಚುತ್ತಿತ್ತು.

ಲೋಹಕ್ಕೂ ಗಾಜಿಗೂ ಏನು ವ್ಯತ್ಯಾಸ? ಲೋಹವನ್ನು ನೀರಿನಲ್ಲಿ ಇಟ್ಟಾಗ, ಅದರಲ್ಲೂ ಉಪ್ಪು ನೀರಿನಲ್ಲಿ, ಅದರ ಸುತ್ತ ಸ್ವಲ್ಪ ವಿದ್ಯುತ್ ಉಂಟಾಗುತ್ತದೆ. ಗಾಜಿನಿಂದ ಹಾಗೆ ಆಗುವುದಿಲ್ಲ. ಹಾಗಾದರೆ ಮೀನು ಗುರುತಿಸಿದ್ದು ವಿದ್ಯುತ್ತನ್ನೇ? ಆದರೆ ಸಮುದ್ರದಲ್ಲಿ ತಂತಿಗಳಿಲ್ಲವಲ್ಲ! ಈ ಶಕ್ತಿಯಿಂದ ಶಾರ್ಕ್‌ಗೆ ಪ್ರಯೋಜನವಾದರೂ ಏನು?

ಒಂದೊಂದೇ ದಾರಿ ಮುಚ್ಚಿದ ಪ್ರಯೋಗ

ಡೈಕ್‌ಗ್ರಾಫ್ ಅವರ ಶಿಷ್ಯ ಆಡ್ರಿಯಾನಸ್ ಕಾಲ್ಮೈನ್. ಅವರು 1971ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಪ್ರಸಿದ್ಧವಾಗಿವೆ. ಅವರು ಬಳಸಿದ್ದು ಒಂದು ಮೀಟರಿಗಿಂತ ಚಿಕ್ಕದಾದ, ಮೈಮೇಲೆ ಚುಕ್ಕೆಗಳಿರುವ ಬೆಕ್ಕುಶಾರ್ಕ್. ಬೇಟೆಯಾಗಿ ಪ್ಲೇಸ್ ಎಂಬ ಚಪ್ಪಟೆ ಮೀನನ್ನು ಆರಿಸಿಕೊಂಡರು. ಅದು ನಮ್ಮ ಕರಾವಳಿಯ ನಂಗು ಮೀನಿನಂತೆ ತಳದ ಮರಳಿನಲ್ಲಿ ಹುದುಗಿ ಮಲಗುತ್ತದೆ. ಪ್ರಯೋಗದ ಹಂತಗಳನ್ನು ಗಮನವಿಟ್ಟು ಓದಿ. ಪ್ರತಿ ಹಂತದಲ್ಲೂ 'ಹೀಗೇಕೆ ಮಾಡಿದರು?' ಎಂದು ಕೇಳಿಕೊಳ್ಳಿ.

ಹಂತ 1: ಜೀವಂತ ಮೀನನ್ನು ಮರಳಿನಡಿ ಹುದುಗಿಸಿದರು. ಮೇಲಿನಿಂದ ನೋಡಿದರೆ ಅದು ಕಾಣುತ್ತಿರಲಿಲ್ಲ. ಆದರೂ ಶಾರ್ಕ್ ಹತ್ತು ಹದಿನೈದು ಸೆಂಟಿಮೀಟರ್ ಹತ್ತಿರ ಬಂದಾಗ ಥಟ್ಟನೆ ತಿರುಗಿ, ಮರಳನ್ನು ಕೆದಕಿ, ಮೀನನ್ನು ಹಿಡಿಯಿತು. ಅಂದರೆ ಶಾರ್ಕ್ ಬೇಟೆಯನ್ನು ಕಣ್ಣಿನಿಂದ ಕಂಡದ್ದಲ್ಲ. ಆದರೆ ವಾಸನೆಯಿಂದ ಕಂಡುಹಿಡಿದಿರಬಹುದಲ್ಲವೇ?

ಹಂತ 2: ಈ ಬಾರಿ ಮೀನನ್ನು ಅಗರ್‌ನಿಂದ ಮಾಡಿದ ಗೂಡಿನಲ್ಲಿಟ್ಟು ಮರಳಿನಡಿ ಹೂತರು. ಅಗರ್ ಎಂದರೆ ಕಡಲ ಪಾಚಿಯಿಂದ ತೆಗೆಯುವ, ತಾಟಿನುಂಗಿನ ತಿರುಳಿನಂತೆ ಅಲುಗುವ ಪದಾರ್ಥ. ಅದನ್ನು ಸಮುದ್ರದ ನೀರಿನಿಂದಲೇ ಮಾಡಿದ್ದರು. ಆದ್ದರಿಂದ ಅದರ ಮೂಲಕ ವಿದ್ಯುತ್ ಹರಿಯುತ್ತದೆ, ಆದರೆ ವಾಸನೆ ಸುಲಭವಾಗಿ ಹೊರಬರುವುದಿಲ್ಲ. ಮೀನು ಉಸಿರಾಡಲು ಗೂಡಿನೊಳಗೆ ನೀರು ಹಾಯಿಸಿ, ಆ ನೀರನ್ನು ನಳಿಕೆಯ ಮೂಲಕ ದೂರಕ್ಕೆ ಹೊರಬಿಟ್ಟರು. ವಾಸನೆ ಹಿಡಿದು ಹೋಗುವುದಾದರೆ ಶಾರ್ಕ್ ನಳಿಕೆಯ ಬಾಯಿಗೆ ಹೋಗಬೇಕಿತ್ತು. ಆದರೆ ಅದು ನೇರವಾಗಿ ಮೀನಿದ್ದ ಜಾಗಕ್ಕೇ ಬಂದು ಮರಳು ಕೆದಕಿತು!

ಹಂತ 3: ಜೀವಂತ ಮೀನಿನ ಬದಲು ಗೂಡಿನೊಳಗೆ ಮೀನಿನ ತುಂಡುಗಳನ್ನು ಇಟ್ಟರು. ಈಗ ಶಾರ್ಕ್ ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ವಾಸನೆಯ ನೀರು ಹೊರಬರುತ್ತಿದ್ದ ನಳಿಕೆಯ ಬಾಯಿಯ ಹತ್ತಿರ ಹುಡುಕಾಡಿತು. ಅಂದರೆ ಅದರ ಮೂಗು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಹಂತ 2ರಲ್ಲಿ ದಾರಿ ತೋರಿಸಿದ್ದು ಮೂಗಲ್ಲ.

ಹಂತ 4: ಮತ್ತೆ ಜೀವಂತ ಮೀನನ್ನಿಟ್ಟು ಅಗರ್ ಗೂಡಿನ ಮೇಲೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಈಗ ಶಾರ್ಕ್ ಮೀನಿನ ಮೇಲೆಯೇ ಈಜಿ ಹೋದರೂ ಅದಕ್ಕೆ ಏನೂ ತಿಳಿಯಲಿಲ್ಲ! ಮೀನಿನ ಅಲುಗಾಟವೇ ಶಾರ್ಕ್‌ಗೆ ಗೊತ್ತಾಗುತ್ತಿದ್ದರೆ, ದಪ್ಪ ಅಗರ್ ಅದನ್ನು ತಡೆಯಬೇಕಿತ್ತೇ ಹೊರತು ಈ ತೆಳು ಹಾಳೆಯಲ್ಲ. ಪ್ಲಾಸ್ಟಿಕ್ ತಡೆದದ್ದು ಬೇರೆಯದನ್ನು. ಪ್ಲಾಸ್ಟಿಕ್ ಅವಾಹಕ, ಅದರ ಮೂಲಕ ವಿದ್ಯುತ್ ಹರಿಯುವುದಿಲ್ಲ.

ಹಂತ 5: ಕೊನೆಯ ಪರೀಕ್ಷೆ. ಮೀನನ್ನು ಪೂರ್ತಿ ತೆಗೆದುಬಿಟ್ಟರು. ಮರಳಿನಡಿ ಎರಡು ವಿದ್ಯುದ್ವಾರಗಳನ್ನು ಹೂತು, ಮೀನಿನ ದೇಹದಿಂದ ಬರುವಷ್ಟೇ ಸಣ್ಣ ವಿದ್ಯುತ್ ಹರಿಸಿದರು. ಅಲ್ಲಿ ಮೀನೂ ಇಲ್ಲ, ವಾಸನೆಯೂ ಇಲ್ಲ. ಆದರೂ ಶಾರ್ಕ್ ಬಂದು ಆ ಜಾಗವನ್ನೇ ಕೆದಕಿ ಕೆದಕಿ ನೋಡಿತು. ಪಕ್ಕದಲ್ಲೇ ಮೀನಿನ ತುಂಡನ್ನು ಇಟ್ಟರೂ ಅದನ್ನು ಬಿಟ್ಟು ವಿದ್ಯುದ್ವಾರದ ಮೇಲೆಯೇ ಎರಗಿತು!

ಒಗಟು ಬಿಡಿಸಿತು. ಅಡಗಿರುವ ಬೇಟೆಯ ವಿದ್ಯುತ್ತನ್ನು ಶಾರ್ಕ್ ಗುರುತಿಸುತ್ತದೆ. ಕಾಲ್ಮೈನ್ ಅವರು ಬಳಸಿದ ಉಪಾಯವನ್ನು ನೆನಪಿಡಿ. ಇದೇ ಕಾರಣ ಎಂದು ಮೊದಲೇ ತೀರ್ಮಾನಿಸಲಿಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋದರು. ಕೊನೆಗೆ ಉಳಿದ ಕಾರಣವನ್ನೂ ಪರೀಕ್ಷಿಸಿದರು. ವಿಜ್ಞಾನ ನಡೆಯುವುದೇ ಹೀಗೆ.

ನೀವೇ ಮಾಡಿ ನೋಡಿ

ಪ್ಲಾಸ್ಟಿಕ್ ಹಾಳೆ ಮಾಡಿದ ಕೆಲಸವನ್ನು ನೀವು ತರಗತಿಯಲ್ಲಿ ನೋಡಬಹುದು. ಶಿಕ್ಷಕರ ಸಹಾಯ ಪಡೆಯಿರಿ.

ಬೇಕಾಗುವ ವಸ್ತುಗಳು: 1.5 ವೋಲ್ಟ್‌ನ 3 ಟಾರ್ಚ್ ಸೆಲ್, ಒಂದು ಕೆಂಪು ಎಲ್‌ಇಡಿ, 2 ಕಬ್ಬಿಣದ ಮೊಳೆ, ತಂತಿ, ಗಾಜಿನ ಲೋಟ, ನೀರು, ಅಡಿಗೆ ಉಪ್ಪು, ಒಂದು ಸಣ್ಣ ಪ್ಲಾಸ್ಟಿಕ್ ಚೀಲ.

ಮಾಡುವ ವಿಧಾನ: ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ. ಅವುಗಳ ಧನ ತುದಿಗೆ ಎಲ್‌ಇಡಿಯ ಉದ್ದ ಕಾಲನ್ನು ಸೇರಿಸಿ. ಎಲ್‌ಇಡಿಯ ಗಿಡ್ಡ ಕಾಲಿನಿಂದ ಒಂದು ಮೊಳೆಗೆ, ಸೆಲ್‌ಗಳ ಋಣ ತುದಿಯಿಂದ ಇನ್ನೊಂದು ಮೊಳೆಗೆ ತಂತಿ ಕಟ್ಟಿ. ಮೊಳೆಗಳನ್ನು ಒಂದಕ್ಕೊಂದು ತಾಗದಂತೆ ಲೋಟದ ನೀರಿನಲ್ಲಿ ಇಳಿಬಿಡಿ.

1. ಬರಿ ನೀರಿನಲ್ಲಿ ಎಲ್‌ಇಡಿ ಹೇಗಿದೆ? ಗಮನಿಸಿ.
2. ನೀರಿಗೆ ಎರಡು ಚಮಚ ಉಪ್ಪು ಹಾಕಿ ಕಲಕಿ. ಈಗ ಎಲ್‌ಇಡಿ ಹೆಚ್ಚು ಬೆಳಗುತ್ತದೆ.
3. ಒಂದು ಮೊಳೆಯನ್ನು ತೂತಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಳಗೆ ನೀರು ಹೋಗದಂತೆ ಮತ್ತೆ ಉಪ್ಪು ನೀರಿನಲ್ಲಿ ಇಳಿಬಿಡಿ. ಎಲ್‌ಇಡಿ ಆರಿಹೋಗುತ್ತದೆ.

ಉಪ್ಪು ನೀರು ವಾಹಕ, ಪ್ಲಾಸ್ಟಿಕ್ ಅವಾಹಕ. ಶಾರ್ಕ್‌ನ ಕೊಳದಲ್ಲಿ ನಡೆದದ್ದೂ ಇದೇ. ಸಮುದ್ರದ ಉಪ್ಪು ನೀರಿನಲ್ಲಿ ಬೇಟೆಯ ವಿದ್ಯುತ್ ಸುತ್ತಲೂ ಹರಡುತ್ತದೆ. ಗಾಳಿ ಒಳ್ಳೆಯ ವಾಹಕವಲ್ಲ. ಆದ್ದರಿಂದಲೇ ಈ ಇಂದ್ರಿಯ ಹೆಚ್ಚಾಗಿ ನೀರಿನ ಜೀವಿಗಳಲ್ಲೇ ಕಂಡುಬರುತ್ತದೆ.

ಎಚ್ಚರಿಕೆ: ಈ ಪ್ರಯೋಗಕ್ಕೆ ಟಾರ್ಚ್ ಸೆಲ್ ಮಾತ್ರ ಬಳಸಬೇಕು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಎಂದಿಗೂ ಬಳಸಬಾರದು. ಅದು ಪ್ರಾಣ ತೆಗೆಯುತ್ತದೆ. ಪ್ರಯೋಗ ಮುಗಿದ ಮೇಲೆ ನೀರನ್ನು ಚೆಲ್ಲಿ, ಕೈ ತೊಳೆಯಿರಿ.

ಮೀನಿನ ಮೈಯಲ್ಲಿ ವಿದ್ಯುತ್ ಎಲ್ಲಿಂದ ಬಂತು?

'ಮೀನಿನೊಳಗೆ ಸೆಲ್ ಇದೆಯೇ?' ಎಂದು ನೀವು ಕೇಳಬಹುದು. ಒಂದು ರೀತಿಯಲ್ಲಿ ಹೌದು. ಮೀನಿನಲ್ಲಿ ಮಾತ್ರವಲ್ಲ, ನಿಮ್ಮಲ್ಲೂ ಇದೆ!

ಜೀವಿಗಳ ದೇಹದ ದ್ರವಗಳಲ್ಲಿ ಲವಣಗಳು ಕರಗಿವೆ. ಕರಗಿದ ಲವಣಗಳು ವಿದ್ಯುದಾವೇಶ ಹೊತ್ತ ಕಣಗಳಾಗಿ ಇರುತ್ತವೆ. ಇವುಗಳನ್ನು ಅಯಾನುಗಳು ಎನ್ನುತ್ತಾರೆ. ಸ್ನಾಯು ಸಂಕುಚಿಸುವಾಗ, ಹೃದಯ ಬಡಿಯುವಾಗ, ನರಗಳು ಸಂದೇಶ ಕಳುಹಿಸುವಾಗ ಈ ಅಯಾನುಗಳು ಜೀವಕೋಶಗಳ ಒಳಗೂ ಹೊರಗೂ ಚಲಿಸುತ್ತವೆ. ಅದರಿಂದ ಸಣ್ಣ ವಿದ್ಯುತ್ ಉಂಟಾಗುತ್ತದೆ. ಆಸ್ಪತ್ರೆಯಲ್ಲಿ ಹೃದಯದ ಇಸಿಜಿ ತೆಗೆಯುವುದನ್ನು ಕೇಳಿದ್ದೀರಲ್ಲವೇ? ಆ ಯಂತ್ರ ಕಾಗದದ ಮೇಲೆ ಬರೆಯುವುದು ಹೃದಯದ ಇದೇ ವಿದ್ಯುತ್ತನ್ನು.

ಸಮುದ್ರದ ಮೀನಿನಲ್ಲಿ ಇನ್ನೊಂದು ಸಂಗತಿಯಿದೆ. ಅದರ ದೇಹದ ದ್ರವದಲ್ಲಿರುವ ಲವಣಗಳ ಪ್ರಮಾಣವೇ ಬೇರೆ, ಸುತ್ತಲಿನ ಸಮುದ್ರದ ನೀರಿನ ಪ್ರಮಾಣವೇ ಬೇರೆ. ಮೈಮೇಲೆ ದಪ್ಪ ಚರ್ಮವಿದೆ. ಆದರೆ ಬಾಯಿಯ ಒಳಭಾಗ ಮತ್ತು ಕಿವಿರುಗಳ ಪೊರೆ ಬಹಳ ತೆಳು. ಅಲ್ಲಿ ಒಳಗಿನ ಮತ್ತು ಹೊರಗಿನ ಲವಣಗಳ ವ್ಯತ್ಯಾಸದಿಂದ ಸಣ್ಣ ವಿದ್ಯುತ್ ಹರಿಯುತ್ತದೆ. ಮೀನು ಉಸಿರಾಡುವಾಗ ಬಾಯಿ ಮತ್ತು ಕಿವಿರು ತೆರೆದು ಮುಚ್ಚಿಕೊಳ್ಳುತ್ತವೆ. ಆಗ ಈ ವಿದ್ಯುತ್ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಮೀನು ಅಲುಗಾಡದೆ ಮಲಗಬಹುದು, ಬಣ್ಣ ಬದಲಿಸಬಹುದು, ಮರಳು ಹೊದ್ದುಕೊಳ್ಳಬಹುದು. ಆದರೆ ಉಸಿರಾಡದೆ ಎಷ್ಟು ಹೊತ್ತು ಇದ್ದೀತು? ಬದುಕಿರುವುದೇ ಅದರ ಗುಟ್ಟನ್ನು ಬಯಲು ಮಾಡುತ್ತದೆ.

ಮೂತಿಯ ಮೇಲಿನ ಬುಡ್ಡಿಗಳು

ಲೊರೆಂಜಿನಿಯವರ ಬುಡ್ಡಿಗಳ ಕೆಲಸ ಈಗ ನಿಮಗೆ ಹೊಳೆದಿರಬೇಕು. ಅವೇ ಶಾರ್ಕ್‌ನ ವಿದ್ಯುತ್ ಗ್ರಾಹಕಗಳು. ನಳಿಕೆಯಲ್ಲಿ ತುಂಬಿರುವ ಲೋಳೆ ಒಳ್ಳೆಯ ವಾಹಕ. ಅದು ಹೊರಗಿನ ವಿದ್ಯುತ್ತಿನ ಪ್ರಭಾವವನ್ನು ತಳದ ಬುಡ್ಡಿಗೆ ಮುಟ್ಟಿಸುತ್ತದೆ. ಬುಡ್ಡಿಯ ಗೋಡೆಯಲ್ಲಿ ಸಂವೇದಕ ಜೀವಕೋಶಗಳಿವೆ. ಅವು ನರಗಳ ಮೂಲಕ ಮೆದುಳಿಗೆ ಸಂದೇಶ ಕಳುಹಿಸುತ್ತವೆ.

ಒಂದೊಂದು ನಳಿಕೆ ಒಂದೊಂದು ದಿಕ್ಕಿಗೆ ಚಾಚಿಕೊಂಡಿದೆ. ಬಲಗಡೆಯ ಬುಡ್ಡಿಗಳಿಂದ ಹೆಚ್ಚು ಸಂದೇಶ ಬಂದರೆ ಬೇಟೆ ಬಲಕ್ಕಿದೆ ಎಂದು ಅರ್ಥ. ಹೀಗೆ ಹೋಲಿಸಿ ನೋಡಿ ಶಾರ್ಕ್ ಬೇಟೆಯ ಜಾಗವನ್ನು ಗುರುತಿಸುತ್ತದೆ. ಸದ್ದು ಯಾವ ಕಡೆಯಿಂದ ಬಂತೆಂದು ನೀವು ಎರಡು ಕಿವಿಗಳ ಸಹಾಯದಿಂದ ತಿಳಿಯುವುದಿಲ್ಲವೇ? ಇದೂ ಹಾಗೆಯೇ.

ಸುತ್ತಿಗೆಯಂಥ ಅಗಲ ತಲೆಯ ಶಾರ್ಕ್‌ನ ಚಿತ್ರವನ್ನು ನೋಡಿರಬಹುದು. ಅದರ ಒಂದು ಜಾತಿಯ ತಲೆಯ ಮೇಲೆ ಸುಮಾರು 3,000 ರಂಧ್ರಗಳನ್ನು ಎಣಿಸಿದ್ದಾರೆ. ತಳದ ಮರಳಿನ ಮೇಲೆ ತಲೆಯನ್ನು ಅತ್ತಿತ್ತ ಆಡಿಸುತ್ತಾ ಅದು ಹುದುಗಿರುವ ಮೀನುಗಳನ್ನು ಹುಡುಕುತ್ತದೆ.

ಎಷ್ಟು ಸೂಕ್ಷ್ಮ? ಲೆಕ್ಕ ಮಾಡಿ ನೋಡಿ

ಒಂದು ವೋಲ್ಟನ್ನು 100 ಕೋಟಿ ಸಮಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕೆ ಒಂದು ನ್ಯಾನೋವೋಲ್ಟ್ ಎನ್ನುತ್ತಾರೆ. ನೀರಿನಲ್ಲಿ ಒಂದು ಸೆಂಟಿಮೀಟರ್ ದೂರಕ್ಕೆ ಕೇವಲ 5 ನ್ಯಾನೋವೋಲ್ಟ್ ವ್ಯತ್ಯಾಸವಿದ್ದರೂ ಕೆಲವು ಶಾರ್ಕ್‌ಗಳು ಅದನ್ನು ಗುರುತಿಸುತ್ತವೆ ಎಂದು ಕಾಲ್ಮೈನ್ ಅವರ ಮುಂದಿನ ಪ್ರಯೋಗಗಳು ತೋರಿಸಿದವು.

ಇದು ಎಷ್ಟು ಚಿಕ್ಕದು? ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿಲೋಮೀಟರ್ ದೂರ ಎಂದು ಸಮಾಜ ವಿಜ್ಞಾನದಲ್ಲಿ ಓದುತ್ತೀರಿ. ಅಷ್ಟು ಉದ್ದದ ಒಂದು ನೀರಿನ ಕಾಲುವೆಯನ್ನು ಊಹಿಸಿಕೊಳ್ಳಿ. ಒಂದೇ ಒಂದು 1.5 ವೋಲ್ಟ್‌ನ ಟಾರ್ಚ್ ಸೆಲ್‌ನ ಒಂದು ತುದಿಯನ್ನು ಕಾಲುವೆಯ ಈ ಕೊನೆಗೆ, ಇನ್ನೊಂದು ತುದಿಯನ್ನು ಆ ಕೊನೆಗೆ ಜೋಡಿಸಿದೆವೆಂದು ಇಟ್ಟುಕೊಳ್ಳೋಣ. 1.5 ವೋಲ್ಟ್ ಕಾಲುವೆಯುದ್ದಕ್ಕೂ ಸಮನಾಗಿ ಹಂಚಿಹೋಗಲಿ.

3,214 ಕಿಲೋಮೀಟರ್ = 32,14,00,000 ಸೆಂಟಿಮೀಟರ್.

1.5 ವೋಲ್ಟನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 4.7 ನ್ಯಾನೋವೋಲ್ಟ್ ಬರುತ್ತದೆ. ಹೆಚ್ಚು ಕಡಿಮೆ ಶಾರ್ಕ್ ಗುರುತಿಸುವಷ್ಟೇ! ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹಂಚಿದ ಒಂದು ಟಾರ್ಚ್ ಸೆಲ್ಲಿನ ಶಕ್ತಿಯನ್ನು ಗುರುತಿಸುವಷ್ಟು ಸೂಕ್ಷ್ಮ ಆ ಮೂತಿ.

ಹಾಗೆಂದು ಶಾರ್ಕ್ ಬಹಳ ದೂರದಿಂದ ಬೇಟೆಯ ವಿದ್ಯುತ್ತನ್ನು ತಿಳಿಯುತ್ತದೆ ಎಂದುಕೊಳ್ಳಬೇಡಿ. ಮೀನಿನ ವಿದ್ಯುತ್ ಬಹಳ ದುರ್ಬಲ. ಮೀನಿನಿಂದ ದೂರ ಹೋದಂತೆ ಅದು ಬೇಗನೆ ಕ್ಷೀಣಿಸುತ್ತದೆ. ಆದ್ದರಿಂದ ಈ ಇಂದ್ರಿಯ ಕೆಲಸ ಮಾಡುವುದು ಸಾಮಾನ್ಯವಾಗಿ ಅರ್ಧ ಮೀಟರಿನೊಳಗೆ. ಬೇಟೆ ದೂರದಲ್ಲಿರುವಾಗ ಶಾರ್ಕ್ ವಾಸನೆ ಮತ್ತು ಸದ್ದನ್ನು ಅನುಸರಿಸುತ್ತದೆ. ಹತ್ತಿರ ಬಂದಾಗ ಕಣ್ಣನ್ನು ಬಳಸುತ್ತದೆ. ಕೊನೆಯ ಗಳಿಗೆಯಲ್ಲಿ, ಬೇಟೆ ಮೂತಿಯ ಮುಂದೆಯೇ ಇರುವಾಗ, ವಿದ್ಯುತ್ ಸಂವೇದನೆ ನೆರವಿಗೆ ಬರುತ್ತದೆ. ದೊಡ್ಡ ಬಿಳಿ ಶಾರ್ಕ್ ಕಚ್ಚುವ ಹೊತ್ತಿಗೆ ಪೆಟ್ಟು ಬೀಳದಿರಲೆಂದು ತನ್ನ ಕಣ್ಣುಗುಡ್ಡೆಗಳನ್ನು ಹಿಂದಕ್ಕೆ ಹೊರಳಿಸಿಕೊಳ್ಳುತ್ತದೆ. ಆಗ ಕಣ್ಣಿಲ್ಲದ ಕೊರತೆಯನ್ನು ತುಂಬುವುದು ಈ ಬುಡ್ಡಿಗಳೇ.

ಬೇಟೆಯೂ ಸುಮ್ಮನಿರುವುದಿಲ್ಲ

ಹುಡುಕುವವನು ಜಾಣನಾದರೆ ಅಡಗುವವನೂ ಜಾಣನಾಗಬೇಕು. ಬೊಂಡಾಸಿನ ಬಂಧುವಾದ ಕಟಲ್‌ಮೀನಿನ ಉಪಾಯ ನೋಡಿ. ಶತ್ರು ಹತ್ತಿರ ಬರುವುದು ಕಂಡರೆ ಅದು ಕಲ್ಲಿನಂತೆ ಸ್ತಬ್ಧವಾಗುತ್ತದೆ. ಉಸಿರಾಟವನ್ನು ನಿಧಾನ ಮಾಡುತ್ತದೆ. ನೀರು ಒಳಹೋಗುವ ದ್ವಾರಗಳನ್ನು ತನ್ನ ತೋಳುಗಳಿಂದ ಮುಚ್ಚಿಕೊಳ್ಳುತ್ತದೆ. ಹೀಗೆ ಮಾಡಿದಾಗ ಅದರ ಸುತ್ತಲಿನ ವಿದ್ಯುತ್ ಕಡಿಮೆಯಾಗುತ್ತದೆ ಎಂದು 2015ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದರು.

ಇದಕ್ಕಿಂತ ಅಚ್ಚರಿಯದು ಬಿದಿರು ಶಾರ್ಕ್‌ನ ಮರಿ. ಈ ಶಾರ್ಕ್ ತಳದಲ್ಲಿ ಮೊಟ್ಟೆಯಿಡುತ್ತದೆ. ಒಳಗೆ ಬೆಳೆಯುತ್ತಿರುವ ಮರಿಗೆ ಓಡಿಹೋಗಲು ಸಾಧ್ಯವಿಲ್ಲ. ಆದರೆ ಅದರ ವಿದ್ಯುತ್ ಗ್ರಾಹಕಗಳು ಮೊಟ್ಟೆಯೊಳಗೇ ಕೆಲಸ ಮಾಡತೊಡಗುತ್ತವೆ. 2013ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮೊಟ್ಟೆಗಳ ಬಳಿ ಶತ್ರುವಿನದಂಥ ವಿದ್ಯುತ್ತನ್ನು ಉಂಟುಮಾಡಿದರು. ಒಳಗಿನ ಮರಿ ಕಿವಿರುಗಳ ಚಲನೆಯನ್ನು ನಿಲ್ಲಿಸಿ, ಬಾಲವನ್ನು ಮೈಗೆ ಸುತ್ತಿಕೊಂಡು ಅಲುಗಾಡದೆ ಇದ್ದುಬಿಟ್ಟಿತು! ಇನ್ನೂ ಹುಟ್ಟದ ಮರಿ ಉಸಿರು ಬಿಗಿಹಿಡಿದು ಅಡಗುತ್ತದೆ.

ನಮ್ಮ ಕೆರೆಯಲ್ಲೂ ಇದ್ದಾರೆ

ಈ ಇಂದ್ರಿಯವನ್ನು ನೋಡಲು ಸಮುದ್ರಕ್ಕೇ ಹೋಗಬೇಕಿಲ್ಲ. ನಮ್ಮ ಕೆರೆ, ಹೊಳೆ, ಗದ್ದೆಗಳಲ್ಲಿ ಸಿಗುವ ಮುರುಗೋಡು ಮೀನು ಮೀಸೆ ಮೀನುಗಳ ಗುಂಪಿಗೆ ಸೇರಿದೆ. ಮೀಸೆ ಮೀನುಗಳ ಚರ್ಮದಲ್ಲಿ ಬಹಳ ಸಣ್ಣ ವಿದ್ಯುತ್ ಗ್ರಾಹಕಗಳಿವೆ. ಇವು ಹೆಚ್ಚಾಗಿ ರಾತ್ರಿ ಹೊತ್ತು ಆಹಾರ ಹುಡುಕುತ್ತವೆ. ಮಳೆಗಾಲದ ಕೆಂಪು ನೀರಿನಲ್ಲಿ, ಕೆಸರಿನ ತಳದಲ್ಲಿ ಕಣ್ಣಿನಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಮೀಸೆಯ ಸ್ಪರ್ಶ ಮತ್ತು ರುಚಿಯ ಜೊತೆಗೆ ವಿದ್ಯುತ್ ಸಂವೇದನೆಯೂ ಸಹಾಯ ಮಾಡುತ್ತದೆ. ಅದೇ ಕೆರೆಯಲ್ಲಿ ಬೆಳೆಯುವ ಕಾಟ್ಲಾ, ರೋಹು ಮತ್ತು ಗೆಂಡೆ ಮೀನುಗಳಿಗೆ ಈ ಇಂದ್ರಿಯವಿಲ್ಲ. ಒಂದೇ ನೀರಿನಲ್ಲಿದ್ದರೂ ಅವುಗಳ ಲೋಕ ಬೇರೆ ಬೇರೆ!

ತಾವೇ ವಿದ್ಯುತ್ ಹೊರಡಿಸುವ ಮೀನುಗಳು

ಶಾರ್ಕ್ ಮತ್ತು ಮುರುಗೋಡು ಇತರರ ವಿದ್ಯುತ್ತನ್ನು ಗುರುತಿಸುತ್ತವೆ, ಅಷ್ಟೆ. ಕೆಲವು ಮೀನುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಆಫ್ರಿಕಾದ ನದಿಗಳಲ್ಲಿರುವ ಜಿಮ್ನಾರ್ಕಸ್ ಎಂಬ ಮೀನು ತನ್ನ ಬಾಲದಲ್ಲಿರುವ ವಿಶೇಷ ಅಂಗದಿಂದ ಸೆಕೆಂಡಿಗೆ ಸುಮಾರು 300 ಬಾರಿ ದುರ್ಬಲ ವಿದ್ಯುತ್ತನ್ನು ಹೊರಡಿಸುತ್ತದೆ. ಇದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಹ್ಯಾನ್ಸ್ ಲಿಸ್ಮನ್ ಅವರು 1951ರಲ್ಲಿ ತಿಳಿಸಿದರು. ಹಿಂದಕ್ಕೆ ಈಜುವಾಗಲೂ ಆ ಮೀನು ಯಾವುದಕ್ಕೂ ಡಿಕ್ಕಿ ಹೊಡೆಯದಿದ್ದುದು ಅವರ ಕುತೂಹಲ ಕೆರಳಿಸಿತ್ತು.

ಮೀನಿನ ಸುತ್ತ ವಿದ್ಯುತ್ ಕ್ಷೇತ್ರ ಹರಡಿರುತ್ತದೆ. ಹತ್ತಿರ ಕಲ್ಲು ಬಂದರೆ ಕ್ಷೇತ್ರ ಒಂದು ರೀತಿ ಬದಲಾಗುತ್ತದೆ, ಇನ್ನೊಂದು ಮೀನು ಬಂದರೆ ಬೇರೆ ರೀತಿ ಬದಲಾಗುತ್ತದೆ. ಕಲ್ಲು ಅವಾಹಕ, ಮೀನು ವಾಹಕ. ಈ ಬದಲಾವಣೆಯನ್ನು ಚರ್ಮದ ಗ್ರಾಹಕಗಳು ತಿಳಿಯುತ್ತವೆ. ಲಿಸ್ಮನ್ ಮತ್ತು ಅವರ ಜೊತೆಗಾರ ಮೆಚಿನ್ 1958ರಲ್ಲಿ ಇದನ್ನು ಪರೀಕ್ಷಿಸಿದರು. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಮಣ್ಣಿನ ಕುಡಿಕೆಗಳಲ್ಲಿ ಒಳಗಿನ ವಸ್ತು ವಾಹಕವೋ ಅವಾಹಕವೋ ಎಂಬುದನ್ನು ಮೀನು ಸರಿಯಾಗಿ ಗುರುತಿಸಿತು!

ನಿಮಗೆ ಗೊತ್ತೇ?

* ದಕ್ಷಿಣ ಅಮೆರಿಕದ ವಿದ್ಯುತ್ ಈಲ್ ಮೀನಿನ ಒಂದು ಜಾತಿ 860 ವೋಲ್ಟ್‌ವರೆಗೆ ವಿದ್ಯುತ್ ಹೊರಡಿಸುತ್ತದೆ ಎಂದು 2019ರಲ್ಲಿ ವರದಿಯಾಯಿತು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಈಲ್ ಬೇಟೆಯನ್ನು ಹುಡುಕಲು ದುರ್ಬಲ ವಿದ್ಯುತ್ತನ್ನು, ಹೊಡೆಯಲು ಪ್ರಬಲ ವಿದ್ಯುತ್ತನ್ನು ಬಳಸುತ್ತದೆ.

* ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆಯಿಡುವ ಸಸ್ತನಿ. ನೀರಿನಲ್ಲಿ ಮುಳುಗಿದಾಗ ಅದು ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಳ್ಳುತ್ತದೆ. ಆದರೂ ಸೀಗಡಿ, ಹುಳುಗಳನ್ನು ಹಿಡಿಯುತ್ತದೆ. ಅದರ ಕೊಕ್ಕಿನಲ್ಲಿ ವಿದ್ಯುತ್ ಗ್ರಾಹಕಗಳಿವೆ ಎಂದು 1986ರಲ್ಲಿ ತಿಳಿಯಿತು.

ಗರಗಸ ಮೀನಿನ ಕಷ್ಟ

ತೊರಕೆಗಳ ಬಳಗದಲ್ಲೇ ಗರಗಸ ಮೀನು ಎಂಬ ದೊಡ್ಡ ಮೀನಿದೆ. ಅದರ ಮೂತಿ ಉದ್ದವಾಗಿ ಮುಂದೆ ಚಾಚಿ, ಎರಡೂ ಅಂಚಿನಲ್ಲಿ ಹಲ್ಲುಗಳಿರುವ ಗರಗಸದಂತೆ ಕಾಣುತ್ತದೆ. ಈ ಗರಗಸದ ತುಂಬ ವಿದ್ಯುತ್ ಗ್ರಾಹಕಗಳ ರಂಧ್ರಗಳಿವೆ. ಗರಗಸ ಮೀನು ಇದರಿಂದಲೇ ಬೇಟೆಯನ್ನು ಗುರುತಿಸಿ, ಇದರಿಂದಲೇ ಬೀಸಿ ಹೊಡೆಯುತ್ತದೆ ಎಂದು 2012ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ ತೋರಿಸಿತು. ಹುಡುಕುವ ಸಾಧನವೂ ಅದೇ, ಆಯುಧವೂ ಅದೇ.

ಆದರೆ ಅದೇ ಗರಗಸ ಇಂದು ಅದಕ್ಕೆ ಮುಳುವಾಗಿದೆ. ಬಲೆ ಹತ್ತಿರವಿದ್ದರೆ ಗರಗಸದ ಹಲ್ಲುಗಳು ಸುಲಭವಾಗಿ ಸಿಕ್ಕಿಕೊಳ್ಳುತ್ತವೆ. ಬಿಡಿಸಿಕೊಳ್ಳಲು ಮೈ ತಿರುಗಿಸಿದಷ್ಟೂ ಬಲೆ ಸುತ್ತಿಕೊಳ್ಳುತ್ತದೆ. ಹಿಂದೆ ಭಾರತದ ಎರಡೂ ಕರಾವಳಿಗಳಲ್ಲಿ ಗರಗಸ ಮೀನು ಸಾಮಾನ್ಯವಾಗಿತ್ತು. ಈಗ ಬಹಳ ಅಪರೂಪ. 2021ರಲ್ಲಿ ಮಲ್ಪೆಯಲ್ಲಿ ಒಂದು ಗರಗಸ ಮೀನು ಬಲೆಗೆ ಬಿದ್ದದ್ದು ದೊಡ್ಡ ಸುದ್ದಿಯಾಯಿತು. 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದಕ್ಕೆ ಹುಲಿ, ಆನೆಗಳಿಗೆ ಇರುವಷ್ಟೇ ಬಲವಾದ ರಕ್ಷಣೆ ಕೊಟ್ಟಿದೆ. ಆದರೆ ಮೀನುಗಾರರು ಬೇಕೆಂದು ಹಿಡಿಯದಿದ್ದರೂ ಅದು ಬಲೆಗೆ ಬೀಳುತ್ತದೆ. ದಿನದ ದುಡಿಮೆಗೆ ಕಡಲಿಗೆ ಇಳಿಯುವ ಅವರಿಗೂ ಇದರಿಂದ ಬಲೆ ಹರಿದು ನಷ್ಟವೇ.

ಇದಕ್ಕೆ ಪರಿಹಾರವಿಲ್ಲವೇ? ವಿದ್ಯುತ್ ಸಂವೇದನೆಯಲ್ಲೇ ಒಂದು ದಾರಿ ಹುಡುಕುತ್ತಿದ್ದಾರೆ. ಫ್ರಾನ್ಸ್‌ನ ಟ್ಯೂನಾ ಮೀನುಗಾರರ ಗಾಳಗಳ ಪಕ್ಕದಲ್ಲಿ ಸಣ್ಣ ಬ್ಯಾಟರಿಯ ಸಾಧನವನ್ನು ಕಟ್ಟಿ ಪರೀಕ್ಷಿಸಿದರು. ಅದು ಗಾಳದ ಸುತ್ತ ವಿದ್ಯುತ್ ಮಿಡಿತಗಳನ್ನು ಉಂಟುಮಾಡುತ್ತದೆ. ಬೇಟೆಯ ಮೆಲ್ಲನೆಯ ವಿದ್ಯುತ್ತಿಗೆ ಹತ್ತಿರ ಬರುವ ಶಾರ್ಕ್, ಈ ಬಲವಾದ ಮಿಡಿತಕ್ಕೆ ದೂರ ಸರಿಯುತ್ತದೆ. ಜೋರು ಧ್ವನಿವರ್ಧಕದ ಮುಂದೆ ನೀವು ಕಿವಿ ಮುಚ್ಚಿಕೊಂಡು ಸರಿಯುವುದಿಲ್ಲವೇ, ಹಾಗೆ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗಾಳಕ್ಕೆ ಬೀಳುವ ನೀಲಿ ಶಾರ್ಕ್‌ಗಳ ಸಂಖ್ಯೆ ಶೇಕಡ 91ರಷ್ಟು, ತೊರಕೆಗಳ ಸಂಖ್ಯೆ ಶೇಕಡ 71ರಷ್ಟು ಕಡಿಮೆಯಾಯಿತು.

ಮರಳಿನಡಿಯ ಮೀನು ಹೇಗೆ ಸಿಕ್ಕಿತು ಎಂಬ ಒಂದು ಸರಳ ಪ್ರಶ್ನೆ ಎಲ್ಲಿಗೆ ಬಂದು ಮುಟ್ಟಿತು ನೋಡಿ! ಪ್ರಾಣಿಗಳು ಲೋಕವನ್ನು ಹೇಗೆ ತಿಳಿಯುತ್ತವೆ ಎಂದು ಅರಿತರೆ ಅವುಗಳನ್ನು ಉಳಿಸುವ ದಾರಿಯೂ ಸಿಗುತ್ತದೆ. ಮುಂದಿನ ಸಲ ಕೆರೆಯ ದಡದಲ್ಲಿ ನಿಂತಾಗ ಕೆಂಪು ನೀರಿನೊಳಗೆ ಏನೂ ಕಾಣದಿದ್ದರೆ ಬೇಸರಿಸಬೇಡಿ. ತಳದಲ್ಲಿರುವ ಮುರುಗೋಡಿಗೆ ಅಲ್ಲಿ ಬಹಳಷ್ಟು ತಿಳಿಯುತ್ತಿರುತ್ತದೆ.

ಯೋಚಿಸಿ ಉತ್ತರಿಸಿ

1. ಕಾಲ್ಮೈನ್ ಅವರು ಹಂತ 3ನ್ನು ಮಾಡದೆ ಬಿಟ್ಟಿದ್ದರೆ ಯಾವ ಸಂಶಯ ಉಳಿಯುತ್ತಿತ್ತು?
2. ಅಗರ್ ಗೂಡು ತಡೆಯದ ಯಾವುದನ್ನು ಪ್ಲಾಸ್ಟಿಕ್ ಹಾಳೆ ತಡೆಯಿತು?
3. ನೆಲದ ಮೇಲೆ ಬೇಟೆಯಾಡುವ ಚಿರತೆಗೆ ವಿದ್ಯುತ್ ಸಂವೇದನೆಯಿಂದ ಪ್ರಯೋಜನವಾದೀತೇ? ಏಕೆ?
4. ನಿಮ್ಮ ಊರಿನ ಕೆರೆ ಅಥವಾ ಹೊಳೆಯಲ್ಲಿ ಸಿಗುವ ಮೀನುಗಳ ಹೆಸರನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಿ. ಅವುಗಳಲ್ಲಿ ಮೀಸೆ ಇರುವವು ಯಾವುವು? ಮೊದಲು ಸಿಗುತ್ತಿದ್ದು ಈಗ ಕಾಣದಾಗಿರುವವು ಯಾವುವು?